ಹಗಲು ಗಿರಣಿ, ರಾತ್ರಿ ಬ್ಯಾಂಜೊ

(ದಾವಣಗೆರೆಯಲ್ಲಿ ಸಂಗೀತ ಕೇಳುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಹಾಡು ಹಾಕಿ ಕೇಳಿಸಿದ ಕಡೆ ಇಲ್ಲಿ ನಾಲ್ಕು ಸಾಲು ಸೇರಿಸಿದ್ದೇನೆ, ಅಷ್ಟೇ.)

ಎಲ್ಲರಿಗೂ ನಮಸ್ಕಾರ.

ಈಗ ಕೇಳಿದಿರಲ್ಲ, ಅದು 1946ರ ಸೆಪ್ಟೆಂಬರ್‌ನಲ್ಲಿ ಶಿಕಾಗೊದಲ್ಲಿ ರೆಕಾರ್ಡ್ ಆದ ಹಾಡು. ಐದು ಜನ, ಐದು ವಾದ್ಯ. ಮ್ಯಾಂಡೊಲಿನ್, ಗಿಟಾರ್, ಬ್ಯಾಂಜೊ, ಪಿಟೀಲು, ಆಳೆತ್ತರದ ಬಾಸ್. ಡ್ರಮ್ ಇಲ್ಲ. ಕರೆಂಟಿನ ಗಿಟಾರ್ ಇಲ್ಲ. ಆದರೂ ಕೂತವರ ಕಾಲು ತಾನಾಗಿ ಆಡುತ್ತದೆ ಅಲ್ವಾ? ಹಿಂದಿನ ಸಾಲಿನಲ್ಲಿ ಇಬ್ಬರ ಚಪ್ಪಲಿ ಕುಣಿದದ್ದನ್ನು ನಾನು ನೋಡಿದೆ. ಈ ಸಂಗೀತಕ್ಕೆ ಬ್ಲೂಗ್ರಾಸ್ ಅಂತ ಹೆಸರು.

ಇದನ್ನು ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ. ಓ, ಅಮೆರಿಕದ ಬೆಟ್ಟದ ಜನರ ಹಳೇ ಜಾನಪದ. ಅಪಲೇಷಿಯನ್ ಬೆಟ್ಟ, ಮಂಜು, ಮರದ ಮನೆ, ಜಗಲಿಯಲ್ಲಿ ಕೂತ ಅಜ್ಜ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಸುಮ್ನೆ ಕುತೂಹಲಕ್ಕೆ ಈ ಐವರ ಊರುಗಳನ್ನು ಮ್ಯಾಪಿನಲ್ಲಿ ಹುಡುಕಿದೆ. ಒಬ್ಬನದು ಕೆಂಟಕಿಯ ಪಶ್ಚಿಮ ಭಾಗ, ಕಲ್ಲಿದ್ದಲ ಸೀಮೆ. ಇನ್ನೊಬ್ಬನದು ನಾರ್ತ್ ಕೆರೊಲಿನಾದಲ್ಲಿ ಬೆಟ್ಟ ಇಳಿದ ಮೇಲೆ ಸಿಗುವ ಹತ್ತಿ ಹೊಲಗಳ ಸೀಮೆ. ಇಬ್ಬರು ಫ್ಲಾರಿಡಾದವರು. ಅಲ್ಲಿ ಬೆಟ್ಟ ಅಂತ ಬೆರಳು ಮಾಡಿ ತೋರಿಸಲು ಏನೂ ಇಲ್ಲ. ಟೆನಿಸಿಯ ಒಬ್ಬನ ಊರು ಮಾತ್ರ ಎತ್ತರದ ಸೀಮೆಯ ಅಂಚಿನಲ್ಲಿದೆ. ಹಳೆಯದು ಅನ್ನೋಣ ಅಂದರೆ ಅದೂ ಅಲ್ಲ. ನಮ್ಮ ಊರಿನ ಹಳೇ ಹತ್ತಿ ಗಿರಣಿಗಳಿಗೂ ಈ ಸಂಗೀತಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಗಿರಣಿಯ ಮಾತು ಸುಮ್ಮನೆ ಎತ್ತಲಿಲ್ಲ. ಈ ಐವರಲ್ಲಿ ಇಬ್ಬರು ಗಿರಣಿ ಕೆಲಸದವರು. ಒಬ್ಬ ಎಣ್ಣೆ ಕಾರ್ಖಾನೆಯಲ್ಲಿ ಪೀಪಾಯಿ ಜೋಡಿಸಿದವನು. ಒಬ್ಬ ಟ್ಯಾಕ್ಸಿ ಓಡಿಸಿದವನು. ನಮ್ಮಪ್ಪ ಇಲ್ಲಿನ ಗಿರಣಿಯೊಂದರಲ್ಲಿ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ. ಶನಿವಾರದ ಭಜನೆಗೆ ಅದೇ ಕೈ ಹಾರ್ಮೋನಿಯಂ ಮೇಲೆ ಓಡುತ್ತಿತ್ತು. ಹಾಗಾಗಿ ಈ ಐವರ ಕಥೆ ನನಗೆ ದೂರದ್ದು ಅನ್ನಿಸಲೇ ಇಲ್ಲ. ಈ ಸಂಗೀತ ಹುಟ್ಟಿದ್ದು ಬೆಟ್ಟದಲ್ಲಲ್ಲ. ಊರು ಬಿಟ್ಟು ಕೂಲಿಗೆ ಹೋದವರು, ರೇಡಿಯೊ ಕೇಳಿದವರು, ಊರಲ್ಲಿ ಕಲಿತದ್ದನ್ನು ಮಾತ್ರ ಬಿಡದವರು ಒಂದು ಕಾರಿನಲ್ಲಿ ಒತ್ತಾಗಿ ಕೂತು ಮಾಡಿದ ಸಂಗೀತ ಇದು. ಒಬ್ಬೊಬ್ಬರಾಗಿ ಹೇಳುತ್ತೇನೆ. ಆಗ ಎಲ್ಲರೂ ಇಪ್ಪತ್ತು ಮೂವತ್ತರ ಹುಡುಗರೇ, ಏಕವಚನದಲ್ಲೇ ಕರೆಯುತ್ತೇನೆ. ತಪ್ಪು ತಿಳಿಯಬೇಡಿ.

ಮೊದಲು ಯಜಮಾನ. ಬಿಲ್ ಮನ್ರೊ. ಹುಟ್ಟಿದ್ದು 1911ರ ಸೆಪ್ಟೆಂಬರ್ 13ಕ್ಕೆ, ಕೆಂಟಕಿಯ ರೋಸೀನ್ ಎಂಬ ಊರಿನ ಹತ್ತಿರ. ಎಂಟು ಮಕ್ಕಳಲ್ಲಿ ಕೊನೆಯವನು. ರೋಸೀನ್ ಇವತ್ತಿಗೂ ನೂರು ಚಿಲ್ಲರೆ ಜನರ ಊರು. ಅದಕ್ಕೆ ಆ ಹೆಸರು ಬಂದದ್ದು ಒಬ್ಬ ಕವಯಿತ್ರಿಯ ಕಾವ್ಯನಾಮದಿಂದ. ನಮ್ಮಲ್ಲಿ ರಸ್ತೆಗಾದರೂ ಹಾಗೆ ಹೆಸರಿಡುತ್ತಾರೆ, ಊರಿಗೆ ಇಡುವುದು ಕಾಣೆ.

ಬಿಲ್‌ಗೆ ಮೆಳ್ಳೆಗಣ್ಣು. ದೃಷ್ಟಿ ಮಂದ. ಹಾಗಾಗಿ ಸಂಕೋಚ ಜಾಸ್ತಿ. ಹೊಸಬರು ಮನೆಗೆ ಬಂದರೆ ಹೋಗಿ ಅಡಗಿ ಕೂರುತ್ತಿದ್ದನಂತೆ. ತಾಯಿ ಮಲಿಸಾ ಪಿಟೀಲು ನುಡಿಸುತ್ತಿದ್ದಳು, ಅಕಾರ್ಡಿಯನ್ ನುಡಿಸುತ್ತಿದ್ದಳು, ಹಳೇ ಹಾಡು ಹೇಳುತ್ತಿದ್ದಳು. ಅವನಿಗೆ ಹತ್ತು ವರ್ಷವಾದಾಗ ತಾಯಿ ಹೋದಳು. ಹದಿನಾರಕ್ಕೆ ತಂದೆಯೂ ಹೋದ.

ಮನೆಯಲ್ಲಿ ವಾದ್ಯ ಹಂಚಿಕೆಯಾದ ರೀತಿ ಕೇಳಿ. ಒಬ್ಬ ಅಣ್ಣ ಬರ್ಚ್ ಪಿಟೀಲು ಹಿಡಿದ. ಇನ್ನೊಬ್ಬ ಅಣ್ಣ ಚಾರ್ಲಿ ಗಿಟಾರ್ ತಗೊಂಡ. ಕೊನೆಯವನಿಗೆ ಉಳಿದದ್ದು ಯಾರಿಗೂ ಬೇಡವಾದ ಮ್ಯಾಂಡೊಲಿನ್. ಅದರಲ್ಲೂ ಒಂದು ಷರತ್ತು. ಮ್ಯಾಂಡೊಲಿನ್‌ಗೆ ಎಂಟು ತಂತಿ, ಎರಡೆರಡರ ಜೋಡಿ. ಇವನು ಜಾಸ್ತಿ ಸದ್ದು ಮಾಡಬಾರದು ಅಂತ ಅಣ್ಣಂದಿರು ನಾಲ್ಕು ತಂತಿ ತೆಗೆಸಿದರು. ನಮ್ಮ ಮೈಸೂರು ಚೌಡಯ್ಯನವರು ಸಭೆಯ ಕೊನೆಯ ಸಾಲಿಗೂ ಕೇಳಲಿ ಅಂತ ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಹಾಕಿಸಿಕೊಂಡರು. ಅಲ್ಲಿ ಇರುವ ತಂತಿಯನ್ನೇ ಕಿತ್ತರು! ಮುಂದೆ ಇದೇ ಹುಡುಗ ಮ್ಯಾಂಡೊಲಿನ್ ಅನ್ನು ಎಷ್ಟು ಜೋರಾಗಿ ಬಾರಿಸಿದ ಅಂದರೆ ಬ್ಯಾಂಡಿಗೆ ಡ್ರಮ್ಮೇ ಬೇಕಾಗಲಿಲ್ಲ. ಆ ಸಿಟ್ಟು ಒಳಗೆ ಇದ್ದಿರಬೇಕು ಅಂತ ನನ್ನ ಊಹೆ.

ತಂದೆ ತೀರಿದ ಮೇಲೆ ಅವನನ್ನು ಇಟ್ಟುಕೊಂಡದ್ದು ಸೋದರಮಾವ. ತಾಯಿಯ ಅಣ್ಣತಮ್ಮಂದಿರಲ್ಲಿ ಒಬ್ಬ, ಪೆಂಡಲ್ಟನ್ ವ್ಯಾಂಡಿವರ್. ಊರಿಗೆಲ್ಲ ಪೆನ್ ಮಾವ. ಹೇಸರಗತ್ತೆಯಿಂದ ಬಿದ್ದು ಕಾಲು ಊನವಾಗಿತ್ತು. ಊರ ಮೇಲಿನ ದಿಬ್ಬದಲ್ಲಿ ಎರಡು ಕೋಣೆಯ ಮನೆ. ಸಂಜೆ ಪಿಟೀಲು ಹಿಡಿದು ಕುಣಿತದ ಮನೆಗಳಿಗೆ ಹೋಗುತ್ತಿದ್ದ. ಹುಡುಗ ಜೊತೆಗೆ ಗಿಟಾರ್ ಹಿಡಿದು ಸಾಥ್ ಕೊಡುತ್ತಿದ್ದ. ತಾಳ ಬಿಡದೆ ಹಿಡಿಯುವುದು ಅಂದರೆ ಏನು ಅಂತ ಬಿಲ್ ಕಲಿತದ್ದು ಇಲ್ಲಿ. ಕುಣಿಯುವವರ ಕಾಲಿಗೆ ನುಡಿಸುವವನು ಒಂದು ಕ್ಷಣ ತಪ್ಪಿದರೂ ಅಂಗಳದಲ್ಲಿ ಹತ್ತು ಜನ ಎಡವುತ್ತಾರೆ. ಆಮೇಲೆ ಎಷ್ಟೋ ವರ್ಷಕ್ಕೆ ಬಿಲ್ ಆ ಮಾವನ ಮೇಲೆ ಒಂದು ಹಾಡು ಕಟ್ಟಿದ. ಇವತ್ತಿಗೂ ಬ್ಲೂಗ್ರಾಸ್ ನುಡಿಸುವವರಿಗೆಲ್ಲ ಅದು ಬಾಯಿಪಾಠ.

ಈಗ ಇನ್ನೊಬ್ಬನ ಹೆಸರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಈ ಕಥೆ ಹೇಳುವವರು ಇವನನ್ನು ಅರ್ಧ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆರ್ನಲ್ಡ್ ಶುಲ್ಟ್ಸ್. ಕಪ್ಪು ಜನಾಂಗದವನು. 1886ರಲ್ಲಿ ಹುಟ್ಟಿದವನು, ಅದೇ ಸೀಮೆಯ ಕಲ್ಲಿದ್ದಲ ಗಣಿಗಳಲ್ಲಿ ದುಡಿದವನು. ಗಿಟಾರ್ ನುಡಿಸುತ್ತಿದ್ದ, ಪಿಟೀಲೂ ನುಡಿಸುತ್ತಿದ್ದ. ಗಿಟಾರಿನಲ್ಲಿ ಅವನ ಹೆಬ್ಬೆರಳು ಕೆಳಗಿನ ಸ್ವರ ಹಿಡಿದರೆ ಉಳಿದ ಬೆರಳು ಮೇಲೆ ಹಾಡು ಹೇಳುತ್ತಿತ್ತಂತೆ. ಆ ಹೆಬ್ಬೆರಳಿನ ಪದ್ಧತಿ ಒಬ್ಬರಿಂದ ಒಬ್ಬರಿಗೆ ದಾಟಿ, ಕೊನೆಗೆ ಮರ್ಲ್ ಟ್ರಾವಿಸ್ ಎಂಬ ಇನ್ನೊಬ್ಬನ ಹೆಸರಿನಲ್ಲಿ ಜಗತ್ತಿಗೆಲ್ಲ ಹೋಯಿತು. ಬಿಲ್ ಮೊದಲ ಸಲ ದುಡ್ಡು ತಗೊಂಡು ನುಡಿಸಿದ್ದು ಈ ಶುಲ್ಟ್ಸ್ ಜೊತೆ. ರೋಸೀನ್‌ನ ಒಂದು ಕುಣಿತದಲ್ಲಿ ಶುಲ್ಟ್ಸ್ ಪಿಟೀಲು, ಹುಡುಗನದು ಗಿಟಾರ್. ಬೆಳಗಾಗುವವರೆಗೂ ನುಡಿಸಿದ್ದನ್ನು ಬಿಲ್ ಮುದುಕನಾದ ಮೇಲೂ ನೆನಪಿಸಿಕೊಳ್ಳುತ್ತಿದ್ದ. ಕಪ್ಪು ಬಿಳಿ ಜನ ಒಂದೇ ಶಾಲೆಗೆ ಹೋಗುವಂತಿಲ್ಲದ ಕಾಲ, ಒಂದೇ ಬೆಂಚಿನಲ್ಲಿ ಕೂರುವಂತಿಲ್ಲದ ಕಾಲ ಅದು. ಬ್ಲೂಗ್ರಾಸ್‌ನಲ್ಲಿ ಸ್ವರವನ್ನು ಸ್ವಲ್ಪ ಇಳಿಸಿ ಎಳೆಯುವ ಆ ನೋವಿನ ಗುಣ ಇದೆಯಲ್ಲ, ಬ್ಲೂಸ್ ಅಂತಾರೆ, ಅದು ಬಿಲ್‌ಗೆ ಸಿಕ್ಕಿದ್ದು ಇಲ್ಲಿಂದ. ಅವನೇ ಹಾಗೆ ಹೇಳಿಕೊಂಡಿದ್ದಾನೆ.

ಮೂರನೇ ಪಾಠ ಚರ್ಚಿನದು. ಆ ಸೀಮೆಯ ಚರ್ಚುಗಳಲ್ಲಿ ಹಾಡು ಕಲಿಸುವ ಶಿಬಿರ ನಡೆಯುತ್ತಿದ್ದವು. ಪುಸ್ತಕದಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಆಕಾರ. ತ್ರಿಕೋನ ಕಂಡರೆ ಒಂದು ಸ್ವರ, ಚೌಕ ಕಂಡರೆ ಇನ್ನೊಂದು. ಓದು ಬಾರದ ರೈತನೂ ಆಕಾರ ನೋಡಿ ಹಾಡುತ್ತಿದ್ದ. ನಾಲ್ಕು ಜನ ನಾಲ್ಕು ಸ್ಥಾಯಿಯಲ್ಲಿ ಸೇರಿ ಹಾಡುವುದು ಅಲ್ಲಿನ ಪದ್ಧತಿ. ಬಿಲ್‌ಗೆ ಪುಸ್ತಕ ಸರಿಯಾಗಿ ಕಾಣುತ್ತಿರಲಿಲ್ಲ. ಕಿವಿಯಲ್ಲೇ ಕಲಿತ.

ಹದಿನೆಂಟಕ್ಕೆ ಊರು ಬಿಟ್ಟ. ಅಣ್ಣಂದಿರು ಆಗಲೇ ಮಿಷಿಗನ್ ಸರೋವರದ ದಡದ ಇಂಡಿಯಾನಾ ಕಾರ್ಖಾನೆಗಳಿಗೆ ಹೋಗಿದ್ದರು. ಬಿಲ್‌ಗೆ ಎಣ್ಣೆ ಶುದ್ಧ ಮಾಡುವ ಕಾರ್ಖಾನೆಯಲ್ಲಿ ಪೀಪಾಯಿ ತೊಳೆಯುವ, ಜೋಡಿಸುವ ಕೆಲಸ. ಅದೇ ಹೊತ್ತಿಗೆ ಆರ್ಥಿಕ ಮಹಾ ಕುಸಿತ ಶುರುವಾಯಿತು. ಕೆಲಸ ಇದ್ದವನ ಸಂಬಳದಲ್ಲಿ ಇಲ್ಲದವರೂ ಉಣ್ಣಬೇಕು. ಐದು ವರ್ಷ ಹೀಗೆ. ಸಂಜೆ ಅಣ್ಣತಮ್ಮಂದಿರು ಸೇರಿ ಅಲ್ಲಿನ ರೇಡಿಯೊಗಳಲ್ಲಿ ಹಾಡುತ್ತಿದ್ದರು. ಆಮೇಲೆ ಚಾರ್ಲಿ, ಬಿಲ್ ಇಬ್ಬರೇ ಜೋಡಿಯಾಗಿ ಹೊರಟರು. 1936ರಿಂದ 1938ರ ಒಳಗೆ 60 ಹಾಡು ರೆಕಾರ್ಡ್ ಮಾಡಿದರು. ಹೆಸರು ಬಂತು, ಜಗಳವೂ ಬಂತು, 1938ರಲ್ಲಿ ಬೇರೆಯಾದರು. ಅಣ್ಣತಮ್ಮಂದಿರು ಪಾಲಾಗುವುದಕ್ಕೆ ಅಮೆರಿಕ ಆದರೇನು, ಚನ್ನಗಿರಿ ಆದರೇನು.

ಬಿಲ್ ಸ್ವಂತ ಬ್ಯಾಂಡು ಕಟ್ಟಿದ. ಊರ ಅಭಿಮಾನಕ್ಕೆ ಬ್ಲೂ ಗ್ರಾಸ್ ಬಾಯ್ಸ್ ಅಂತ ಹೆಸರಿಟ್ಟ. ಕೆಂಟಕಿಗೆ ನೀಲಿ ಹುಲ್ಲಿನ ನಾಡು ಅನ್ನುವ ಅಡ್ಡಹೆಸರಿದೆ. ತಮಾಷೆ ಏನೆಂದರೆ ಆ ಹುಲ್ಲಿನ ಸೀಮೆ ಇರುವುದು ಲೆಕ್ಸಿಂಗ್ಟನ್ ಸುತ್ತ. ಕುದುರೆ ಸಾಕುವ ಸಾಹುಕಾರರ ಕಡೆ. ರೋಸೀನ್ ಆ ಸೀಮೆಗೆ ಸೇರಿದ್ದೇ ಅಲ್ಲ. 1939ರ ಅಕ್ಟೋಬರ್‌ನಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಶನಿವಾರ ರಾತ್ರಿಯ ರೇಡಿಯೊ ಕಾರ್ಯಕ್ರಮಕ್ಕೆ ಸೇರಿಕೊಂಡ. ಆ ನಿಲಯದ ಶಕ್ತಿ 50,000 ವಾಟ್. ರಾತ್ರಿ ಹೊತ್ತು ಎಷ್ಟೋ ರಾಜ್ಯ ದಾಟಿ ಕೇಳಿಸುತ್ತಿತ್ತು. ಹೊಲದ ಮನೆಯಲ್ಲಿ, ಗಿರಣಿ ಕೇರಿಯಲ್ಲಿ ಬ್ಯಾಟರಿ ರೇಡಿಯೊ ಮುಂದೆ ಕೂತವರಲ್ಲಿ ಮುಂದೆ ಇವನ ಬ್ಯಾಂಡಿಗೇ ಬರುವವರೂ ಇದ್ದರು.

ಎರಡನೆಯವನು ಲೆಸ್ಟರ್ ಫ್ಲಾಟ್. 1914ರಲ್ಲಿ ಟೆನಿಸಿಯ ಓವರ್ಟನ್ ಕೌಂಟಿಯಲ್ಲಿ ಹುಟ್ಟಿದ. ತಂದೆ ಪಾಲಿಗೆ ಹೊಲ ಮಾಡುತ್ತಿದ್ದವನು. ಹಳೇ ರೀತಿಯಲ್ಲಿ ಬ್ಯಾಂಜೊ ಬಾರಿಸುತ್ತಿದ್ದ. ಮಗ ಚರ್ಚಿನ ಹಾಡಿನಲ್ಲಿ ಬೆಳೆದ. ಹದಿನೇಳಕ್ಕೆ ಮದುವೆ. ಹೆಂಡತಿ ಗ್ಲಾಡಿಸ್ ಕೂಡ ಹಾಡುವವಳೇ, ಗಿಟಾರ್ ಬಲ್ಲವಳೇ. ಸ್ಪಾರ್ಟಾ ಎಂಬ ಊರಿನ ರೇಷ್ಮೆ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ಆಮೇಲೆ ವರ್ಜೀನಿಯಾದ ಕೋವಿಂಗ್ಟನ್‌ನಲ್ಲಿ ರೇಯಾನ್ ಗಿರಣಿ. ಅಲ್ಲಿ ಕೀಲುವಾತ ಹಿಡಿಯಿತು. ಗಿರಣಿ ಕೆಲಸ ಮುಂದುವರಿಸಲು ಆಗಲಿಲ್ಲ. ಕೀಲು ಕೈಕೊಟ್ಟಿದ್ದಕ್ಕೆ ಒಬ್ಬ ಗಿಟಾರ್ ಕಲಾವಿದ ಸಿಕ್ಕಿದ ಅನ್ನುವುದು ವಿಚಿತ್ರ, ಆದರೆ ನಡೆದದ್ದು ಹಾಗೆ.

1943ರಲ್ಲಿ ಅವನು ಮೊದಲು ಸೇರಿದ್ದು ಬಿಲ್‌ನ ಅಣ್ಣ ಚಾರ್ಲಿಯ ಬ್ಯಾಂಡಿಗೆ. ಹೆಂಡತಿಯೂ ಜೊತೆಗಿದ್ದಳು. ಚಾರ್ಲಿ ಅವನ ಕೈಗೆ ಮ್ಯಾಂಡೊಲಿನ್ ಕೊಟ್ಟು ಮೇಲಿನ ಸ್ಥಾಯಿ ಹಾಡಿಸಿದ. ಬಿಟ್ಟುಹೋದ ತಮ್ಮನ ಜಾಗ ತುಂಬಿಸುವ ಕೆಲಸ. ಎರಡೂ ಇವನಿಗೆ ಒಗ್ಗಿದ್ದಲ್ಲ. 1945ರಲ್ಲಿ ಬಿಲ್ ಹತ್ತಿರ ಬಂದಾಗ ತನ್ನ ಗಿಟಾರೂ ಸಿಕ್ಕಿತು, ತನ್ನ ಸ್ಥಾಯಿಯೂ ಸಿಕ್ಕಿತು. ಅವನ ದನಿ ಕೇಳಿದಿರಲ್ಲ? ಅವಸರವೇ ಇಲ್ಲ. ಕಟ್ಟೆ ಮೇಲೆ ಕೂತು ಮಾತಾಡಿದ ಹಾಗೆ ಹಾಡುತ್ತಾನೆ. ಅದರ ಮೇಲೆ ಬಿಲ್‌ನ ದನಿ ಚೂಪಾಗಿ ಏರುತ್ತದೆ. ಗಿಟಾರಿನಲ್ಲಿ ಅವನದೊಂದು ಗುರುತಿದೆ. ಸಾಲು ಮುಗಿಯುವ ಕಡೆ ಕೆಳಗಿನ ತಂತಿಗಳಿಂದ ಮೇಲಕ್ಕೆ ಓಡಿಬಂದು ನಿಲ್ಲುವ ಒಂದು ತುಣುಕು. ನಮ್ಮ ಮೃದಂಗದವರು ತೀರ್ಮಾನ ಹಾಕುತ್ತಾರಲ್ಲ, ಆ ಕೆಲಸ. ಬಿಲ್ ಹಿಡಿಯುತ್ತಿದ್ದ ಓಟಕ್ಕೆ ಇವನ ಬೆರಳು ಹಿಂದೆ ಬೀಳುತ್ತಿತ್ತು, ಸಾಲಿನ ಕೊನೆಯಲ್ಲಿ ಓಡಿ ಜೊತೆ ಸೇರಿಕೊಳ್ಳಲು ಇದನ್ನು ಕಂಡುಕೊಂಡ ಅಂತ ಒಂದು ಮಾತಿದೆ. ಇವತ್ತು ಬ್ಲೂಗ್ರಾಸ್ ಗಿಟಾರ್ ಕಲಿಯುವ ಯಾರೇ ಆಗಲಿ ಮೊದಲ ತಿಂಗಳಲ್ಲಿ ಇದನ್ನು ಕಲಿಯುತ್ತಾರೆ.

ಪಿಟೀಲು ಹಿಡಿದವನು ಚಬ್ಬಿ ವೈಸ್. ಇಂಗ್ಲಿಷಿನವರ ಫಿಡ್ಲ್ ಅನ್ನೋದೇ ನಮ್ಮ ಬಾಯಲ್ಲಿ ಪಿಟೀಲು ಆಗಿದ್ದು, ಆದ್ದರಿಂದ ಧಾರಾಳವಾಗಿ ಹಾಗೇ ಕರೆಯುತ್ತೇನೆ. ಫ್ಲಾರಿಡಾದ ಲೇಕ್ ಸಿಟಿ ಕಡೆಯವನು, 1915ರಲ್ಲಿ ಹುಟ್ಟಿದವನು. ಜ್ಯಾಕ್ಸನ್‌ವಿಲ್ ಪೇಟೆಯಲ್ಲಿ ಟ್ಯಾಕ್ಸಿ ಓಡಿಸುತ್ತಾ, ರಾತ್ರಿ ಬಾರುಗಳಲ್ಲಿ ನುಡಿಸುತ್ತಾ ಇದ್ದ. ಆಮೇಲೆ ಗೇನ್ಸ್‌ವಿಲ್‌ನ ಒಂದು ಬ್ಯಾಂಡಿನಲ್ಲಿ ಸ್ವಿಂಗ್ ನುಡಿಸಿದ. ಸ್ವಿಂಗ್ ಅಂದರೆ ಪೇಟೆಯ ಜಾಜ್ ಕುಣಿತದ ತೂಗಾಟ. ಬಾರಿನಲ್ಲಿ ನುಡಿಸಿದವನಿಗೆ ಎಲ್ಲ ಥರದ ಗಿರಾಕಿ ಸಿಗುತ್ತಾರೆ. ಅಳುವವನಿಗೆ ಒಂದು, ಕುಣಿಯುವವನಿಗೆ ಒಂದು ನುಡಿಸಬೇಕು. ಅದಕ್ಕೇ ಇವನ ಕಮಾನು ಉದ್ದ, ನಯ, ಸ್ವಲ್ಪ ಅಳುಬುರುಕ. ಯುದ್ಧದ ಕಾಲ, ಬಿಲ್‌ನ ಪಿಟೀಲಿನವನು ನೌಕಾಪಡೆಗೆ ಹೊರಟಿದ್ದ. ಜಾಗ ಖಾಲಿ ಇದೆ ಅಂತ ತಿಳಿದು ಇವನು ನ್ಯಾಶ್‌ವಿಲ್‌ಗೆ ಹೋಗಿ ಕೆಲಸ ಕೇಳಿದ. ಬಿಲ್‌ಗೆ ಪೆನ್ ಮಾವನ ಒರಟು ಹಳ್ಳಿ ಕಮಾನೂ ಬೇಕಿತ್ತು, ಶುಲ್ಟ್ಸ್‌ನ ಎಳೆತವೂ ಬೇಕಿತ್ತು. ಪೇಟೆಯ ಈ ಟ್ಯಾಕ್ಸಿಯವನಿಗೆ ಕೂತು ಒಂದೊಂದೇ ಹೇಳಿಕೊಟ್ಟ.

ಬಾಸ್ ಹಿಡಿದವನು ಹೊವರ್ಡ್ ವಾಟ್ಸ್. ಅವನೂ ಫ್ಲಾರಿಡಾದವನೇ. ವೇದಿಕೆಯಲ್ಲಿ ಅವನ ಹೆಸರು ಸೆಡ್ರಿಕ್ ರೇನ್‌ವಾಟರ್, ದೊಗಳೆ ಬಟ್ಟೆ ಹಾಕಿದ ಹಾಸ್ಯಗಾರ. ನಗಿಸುವ ಹೊತ್ತು ಮುಗಿದರೆ ಬಾಸ್ ಹಿಂದೆ ಹೋಗಿ ನಿಲ್ಲುತ್ತಿದ್ದ. ಅವನು ನುಡಿಸಿದ್ದನ್ನು ಯಾರೂ ಗಮನಿಸುವುದಿಲ್ಲ, ತಪ್ಪಿದ್ದರೆ ಎಲ್ಲರೂ ಗಮನಿಸುತ್ತಿದ್ದರು. ಮನೆಯ ಪಾಯದ ಬಗ್ಗೆ ಇದಕ್ಕಿಂತ ಜಾಸ್ತಿ ಯಾರು ಮಾತಾಡುತ್ತಾರೆ?

ಈಗ ಅರ್ಲ್ ಸ್ಕ್ರಗ್ಸ್. ಇವನ ಹತ್ತಿರ ಸ್ವಲ್ಪ ಹೊತ್ತು ಕೂರೋಣ.

ಹುಟ್ಟಿದ್ದು 1924ರ ಜನವರಿ 6ಕ್ಕೆ, ನಾರ್ತ್ ಕೆರೊಲಿನಾದ ಫ್ಲಿಂಟ್ ಹಿಲ್ ಎಂಬಲ್ಲಿ. ಹೆಸರಿನಲ್ಲಿ ಹಿಲ್ ಇದೆ ಅಷ್ಟೇ, ಸುತ್ತ ಹತ್ತಿ ಹೊಲ. ನಾಲ್ಕು ವರ್ಷಕ್ಕೆ ತಂದೆ ಹೋದ. ರೈತ, ಲೆಕ್ಕ ಬರೆಯುತ್ತಿದ್ದವನು, ಬ್ಯಾಂಜೊ ಬಾರಿಸುತ್ತಿದ್ದವನು. ಮನೆಯಲ್ಲಿ ಅವನ ಬ್ಯಾಂಜೊ ಉಳಿಯಿತು, ಮಕ್ಕಳೆಲ್ಲ ಸರದಿಯಲ್ಲಿ ಎತ್ತಿಕೊಂಡರು.

ಈ ವಾದ್ಯವನ್ನು ಹತ್ತಿರದಿಂದ ನೋಡಿ. ನಾನು ತಂದಿರುವುದು ಚೀನಾದ ಅಗ್ಗದ್ದು, ನಗಬೇಡಿ. ದುಂಡನೆಯ ಬಳೆಗೆ ಚರ್ಮ ಬಿಗಿದು ಅದರ ಮೇಲೆ ಕುದುರೆ, ಅಂದರೆ ತಂತಿ ಹೊರುವ ಸಣ್ಣ ಮರದ ಆಸರೆ, ಕೂರಿಸಿದ್ದಾರೆ. ಇದರಲ್ಲಿ ಪ್ಲಾಸ್ಟಿಕ್ ಇದೆ, ಆಗ ಕರುವಿನ ಚರ್ಮ ಇರುತ್ತಿತ್ತು. ಇದರ ಮೂಲ ಆಫ್ರಿಕಾ. ಗುಲಾಮರಾಗಿ ಬಂದವರು ಸೋರೆಬುರುಡೆಗೆ ಚರ್ಮ ಹೊದಿಸಿ ಮಾಡಿಕೊಂಡ ವಾದ್ಯ. ತಂತಿ ಐದು. ನಾಲ್ಕು ಪೂರ್ತಿ ಉದ್ದ. ಐದನೆಯದು ಗಿಡ್ಡ. ಅದರ ಬಿರಡೆ ತಲೆಯಲ್ಲಿಲ್ಲ, ಕುತ್ತಿಗೆಯ ಪಕ್ಕದಲ್ಲಿ, ಐದನೇ ಮೆಟ್ಟಿನ ಹತ್ತಿರ ಇದೆ. ಇದನ್ನು ಮೆಟ್ಟಿಗೆ ಒತ್ತುವುದು ಅಪರೂಪ, ಸುಮ್ನೆ ಮೀಟುತ್ತಾ ಇರುವುದು. ವೀಣೆ ಕಲಿತವರು ಇಲ್ಲಿ ಮುಂದೆ ಕೂತಿದ್ದೀರಿ. ತಾಳದ ತಂತಿ ನೆನಪಾಯಿತಲ್ವಾ? ನೀವು ಕಿರುಬೆರಳಿನಲ್ಲಿ ಮೀಟುತ್ತೀರಿ, ಅವರು ಹೆಬ್ಬೆರಳಿನಲ್ಲಿ.

ಹಳೇ ಪದ್ಧತಿಯಲ್ಲಿ ಬ್ಯಾಂಜೊವನ್ನು ಉಗುರಿನಿಂದ ಕೆಳಕ್ಕೆ ಹೊಡೆಯುತ್ತಿದ್ದರು. ಅರ್ಲ್‌ನ ಸೀಮೆಯಲ್ಲಿ ಮಾತ್ರ ಮೂರು ಬೆರಳಿನಲ್ಲಿ ಮೀಟುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಸ್ಮಿತ್ ಹ್ಯಾಮೆಟ್, ಸ್ನಫಿ ಜೆಂಕಿನ್ಸ್. ಹಾಗಾಗಿ ಅರ್ಲ್ ಶೂನ್ಯದಿಂದ ಏನೂ ಸೃಷ್ಟಿಸಲಿಲ್ಲ. ಹತ್ತು ವರ್ಷದವನಿದ್ದಾಗ ಒಂದು ದಿನ ಅಣ್ಣನ ಜೊತೆ ಜಗಳವಾಡಿ, ಮುಖ ಊದಿಸಿಕೊಂಡು, ಒಂದು ಕೋಣೆಗೆ ಹೋಗಿ ಬ್ಯಾಂಜೊ ಹಿಡಿದು ಕೂತಿದ್ದ. ಗೊತ್ತಿದ್ದ ಹಳೇ ಹಾಡೊಂದನ್ನು ಬಾರಿಸುತ್ತಾ ಬಾರಿಸುತ್ತಾ ಅರೆಪ್ರಜ್ಞೆಯಲ್ಲಿದ್ದವನಿಗೆ, ಅಯ್ಯೋ, ನಾನು ಮೂರು ಬೆರಳಿನಲ್ಲಿ ನುಡಿಸುತ್ತಿದ್ದೇನಲ್ಲ ಅಂತ ಹೊಳೆಯಿತು. ಸಿಕ್ಕಿತು ಸಿಕ್ಕಿತು ಅಂತ ಕೂಗುತ್ತಾ ಹೊರಗೆ ಓಡಿದ. ಆ ಹಾಡು ಬಿಟ್ಟು ಬೇರೇನನ್ನೂ ವಾರಗಟ್ಟಲೆ ನುಡಿಸಲಿಲ್ಲ ಅಂತ ಮನೆಯವರ ದೂರು.

ಏನು ಸಿಕ್ಕಿತು? ಇಲ್ಲಿ ತಾಳ ಗೊತ್ತಿರುವವರು ಇದ್ದೀರಿ, ಅದಕ್ಕೇ ಲೆಕ್ಕ ಹೇಳುತ್ತೇನೆ. ಒಂದು ಆವರ್ತಕ್ಕೆ ಎಂಟು ಮೀಟು. ಬೆರಳು ಮೂರು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಮತ್ತೆ ಹೆಬ್ಬೆರಳು, ತೋರುಬೆರಳು, ನಡುಬೆರಳು. ಆರಾಯಿತು. ಉಳಿದದ್ದು ಎರಡು. ಬಾಯಲ್ಲಿ ಹೇಳಿ: ತಕಿಟ ತಕಿಟ ತಕ. ಹೇಳುತ್ತಲೇ ಕಾಲಲ್ಲಿ ಒಂದಕ್ಕೆ, ಐದಕ್ಕೆ ತಟ್ಟಿ. ನೋಡಿದಿರಾ? ಕಾಲು ಒಂದು, ಐದು ಅನ್ನುತ್ತದೆ. ಹೆಬ್ಬೆರಳು ಒಂದು, ನಾಲ್ಕು, ಏಳು ಅನ್ನುತ್ತದೆ. ಎರಡೂ ಒಂದನ್ನೊಂದು ಎಳೆಯುತ್ತವೆ. ಆ ಎಳೆದಾಟವೇ ನಿಮ್ಮ ಚಪ್ಪಲಿ ಕುಣಿಸಿದ್ದು. (ಇಲ್ಲಿ ಸಭೆಯಲ್ಲಿ ಐದು ನಿಮಿಷ ತಕಿಟ ತಕಿಟ ತಕ ನಡೆಯಿತು. ಯಾರೋ ಮೂರನೇ ಕಾಲ ಹೇಳಿ ನನ್ನನ್ನು ದಾರಿ ತಪ್ಪಿಸಿದರು.) ಇದರ ಮೇಲೆ ಇನ್ನೊಂದು ಕಷ್ಟ. ಬೆರಳು ತನ್ನ ಸರದಿಯಲ್ಲಿ ಓಡುತ್ತಲೇ ಇರಬೇಕು, ಹಾಡಿನ ಸ್ವರ ಮಾತ್ರ ಸರಿಯಾದ ಜಾಗದಲ್ಲೇ ಬೀಳಬೇಕು. ಹಾಡು ಬೇಲಿಯ ಹಿಂದೆ ಓಡುವ ಮಗುವಿನ ಹಾಗೆ, ಆಗಾಗ ಸಂದಿಯಲ್ಲಿ ತಲೆ ಕಾಣುತ್ತದೆ.

ತಾಳ ಗಟ್ಟಿ ಮಾಡಿಕೊಳ್ಳಲು ಅರ್ಲ್ ಮತ್ತು ಅಣ್ಣ ಹೊರೇಸ್ ಒಂದು ಆಟ ಆಡುತ್ತಿದ್ದರು. ಮನೆಯ ಮುಂದೆ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲುವುದು. ಒಟ್ಟಿಗೆ ಹಾಡು ಶುರು. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ, ನುಡಿಸುತ್ತಲೇ ಮನೆಯನ್ನು ಸುತ್ತು ಹಾಕುವುದು. ನಡುವೆ ಒಬ್ಬರದು ಒಬ್ಬರಿಗೆ ಕೇಳಿಸುವುದಿಲ್ಲ. ಹಿತ್ತಲಲ್ಲಿ ಎದುರಾದಾಗ ಇಬ್ಬರೂ ಹಾಡಿನ ಒಂದೇ ಜಾಗದಲ್ಲಿ ಇದ್ದರೆ ಗೆದ್ದ ಹಾಗೆ. ನಿಮ್ಮ ಮಕ್ಕಳ ಸಂಗೀತ ಮೇಷ್ಟ್ರಿಗೆ ಇದನ್ನು ಹೇಳಿ ನೋಡಿ.

ಯುದ್ಧದ ವರ್ಷಗಳಲ್ಲಿ ಅರ್ಲ್ ಶೆಲ್ಬಿ ಪಟ್ಟಣದ ಲಿಲಿ ಮಿಲ್ಸ್‌ನಲ್ಲಿ ದುಡಿದ. ಹೊಲಿಗೆ ದಾರ ಮಾಡುವ ಗಿರಣಿ. ಗಂಟೆಗೆ 40 ಸೆಂಟ್ ಕೂಲಿ, ತಾಯಿಯನ್ನು ಸಾಕಬೇಕಿತ್ತು. ಯುದ್ಧ ಮುಗಿದ ಮೇಲೆ ಒಂದು ಬ್ಯಾಂಡಿಗೆ ಸೇರಿ ನ್ಯಾಶ್‌ವಿಲ್ ಮುಟ್ಟಿದ. ಆಗ ಬಿಲ್‌ನ ಬ್ಯಾಂಜೊ ಜಾಗ ಖಾಲಿಯಾಗಿತ್ತು. ಅದುವರೆಗೆ ಅಲ್ಲಿದ್ದವನು ಸ್ಟ್ರಿಂಗ್‌ಬೀನ್ ಎಂಬ ಉದ್ದನೆಯ ಹಾಸ್ಯಗಾರ. ಆ ಕಾಲಕ್ಕೆ ಬ್ಯಾಂಜೊ ಅಂದರೆ ನಗೆಗಾರನ ಸಾಮಾನು. ಅದರ ಸದ್ದಿನಿಂದ ಹಾಡಿನ ಓಟಕ್ಕೆ ತೊಡಕು ಅಂತ ಫ್ಲಾಟ್‌ಗೆ ಬೇಸರ ಬಂದಿತ್ತು. ಹೊಸಬ ಬರುತ್ತಾನೆ ಅಂದಾಗ, ಅವನ ಬ್ಯಾಂಜೊ ಪೆಟ್ಟಿಗೆಯಲ್ಲೇ ಇದ್ದರೂ ನನಗೇನೂ ನಷ್ಟವಿಲ್ಲ ಅನ್ನುವ ಮಾತಾಡಿದನಂತೆ. ಅರ್ಲ್ ಎರಡು ಹಾಡು ನುಡಿಸಿ ತೋರಿಸಿದ. ಬಿಲ್ ಫ್ಲಾಟ್‌ನ ಕಡೆ ತಿರುಗಿ ಏನಂತೀಯ ಅಂದ. ಎಷ್ಟಾದರೂ ಕೊಟ್ಟು ಇಟ್ಟುಕೋ ಅಂದ ಫ್ಲಾಟ್.

1945ರ ಡಿಸೆಂಬರ್ 8ರ ಶನಿವಾರ ಅರ್ಲ್ ಇವರ ಜೊತೆ ಮೊದಲ ಸಲ ವೇದಿಕೆ ಹತ್ತಿದ. ರೈಮನ್ ಎಂಬ ಸಭಾಂಗಣ, ಚರ್ಚಿನಂಥ ಕಟ್ಟಡ, ಮರದ ಬೆಂಚುಗಳು. ಇಪ್ಪತ್ತೊಂದರ ಹುಡುಗ ನಗಿಸಲಿಲ್ಲ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಬೆರಳು ಮಾತ್ರ ಓಡಿತು. ಜನ ಎದ್ದು ಕೂಗಿದರು. ಅಲ್ಲಿದ್ದ ಹಳೇ ಬ್ಯಾಂಜೊ ಹಾಸ್ಯಗಾರ ಅಂಕಲ್ ಡೇವ್ ಮೇಕನ್‌ಗೆ ಮಾತ್ರ ಹುಡುಗನಲ್ಲಿ ಒಂದು ಕೊರತೆ ಕಂಡಿತಂತೆ: ನಗಿಸೋಕೆ ಬರಲ್ಲ.

ಈ ಐವರೂ ಒಟ್ಟಿಗಿದ್ದದ್ದು ಎರಡು ವರ್ಷದ ಮೇಲೆ ಸ್ವಲ್ಪ ದಿನ. ರೆಕಾರ್ಡ್ ಮಾಡಿದ್ದು 1946ರ ಸೆಪ್ಟೆಂಬರ್‌ನಲ್ಲಿ ಎರಡು ದಿನ, 1947ರ ಅಕ್ಟೋಬರ್‌ನಲ್ಲಿ ಎರಡು ದಿನ. ಒಟ್ಟು 28 ಹಾಡು. ಉಳಿದದ್ದೆಲ್ಲ ರಸ್ತೆಯಲ್ಲಿ ಕಳೆದ ಬದುಕು. ಉದ್ದ ಮಾಡಿಸಿದ 1941ರ ಶೆವ್ರೊಲೆ ಕಾರು, ಬಾಸ್ ಅದರ ತಲೆ ಮೇಲೆ. ನಮ್ಮ ಕಂಪನಿ ನಾಟಕದವರ ಕ್ಯಾಂಪ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಊರ ಮೈದಾನದಲ್ಲಿ ಡೇರೆ ಹಾಕುವುದು. ಮಧ್ಯಾಹ್ನ ಅದೇ ಊರಿನ ಹುಡುಗರ ಮೇಲೆ ಬೇಸ್‌ಬಾಲ್ ಆಟ. ಬಿಲ್‌ಗೆ ಅದರ ಹುಚ್ಚು. ಸಂಜೆ ಆಟ ಆಡಿದ ಕೈಯಲ್ಲೇ ಕಛೇರಿ. ಎಲ್ಲಿದ್ದರೂ ಶನಿವಾರ ರಾತ್ರಿಗೆ ನ್ಯಾಶ್‌ವಿಲ್‌ಗೆ ವಾಪಸ್. ಮಲಗಿದ್ದು ಕಾರಿನಲ್ಲಿ, ಕೂತಲ್ಲೇ.

ಮೈಕು ಒಂದೇ. ಯಾರ ಸರದಿ ಬಂತೋ ಅವನು ಮುಂದೆ ಬರಬೇಕು, ಮುಗಿದವನು ಓರೆಯಾಗಿ ಸರಿಯಬೇಕು, ಬಾಸ್‌ಗೆ ತಗುಲಬಾರದು. ಯಾರ ಹಿನ್ನೆಲೆ ಎಲ್ಲಿ ಕೆಲಸಕ್ಕೆ ಬಂತು ಅಂತ ಈಗ ಮತ್ತೆ ಆ ಹಾಡು ಕೇಳಿ. ಬಿಲ್‌ನ ಮ್ಯಾಂಡೊಲಿನ್ ಎದುರೇಟಿಗೆ, ಅಂದರೆ ಬಾಸ್‌ನ ಎರಡು ಪೆಟ್ಟಿನ ನಡುವೆ, ಚಕ್ ಚಕ್ ಅಂತ ಕಡಿಯುತ್ತದೆ. ಅದು ಪೆನ್ ಮಾವನ ಕುಣಿತದ ಮನೆ. ಚಬ್ಬಿಯ ಪಿಟೀಲು ದನಿಯ ಬೆನ್ನ ಹಿಂದೆ ಜೋಲುತ್ತದೆ, ಅದು ಜ್ಯಾಕ್ಸನ್‌ವಿಲ್‌ನ ಬಾರು. ದೇವರ ಹಾಡಿಗೆ ಬಂದರೆ ಬ್ಯಾಂಜೊ, ಪಿಟೀಲು ಪಕ್ಕಕ್ಕೆ. ಗಿಟಾರ್, ಮ್ಯಾಂಡೊಲಿನ್ ಎರಡೇ. ನಾಲ್ಕು ಜನ ನಾಲ್ಕು ಸ್ಥಾಯಿ, ಹಾಸ್ಯಗಾರ ವಾಟ್ಸ್‌ನದು ಎಲ್ಲಕ್ಕಿಂತ ಕೆಳಗಿನ ದನಿ. ಆಕಾರ ನೋಡಿ ಹಾಡುತ್ತಿದ್ದ ಚರ್ಚು ಅದು. ಹುಡುಕಿದರೆ ಗಿರಣಿಯೂ ಕೇಳುತ್ತದೆ ಅಂತ ನಾನು ಹೇಳುತ್ತೇನೆ, ಇದಕ್ಕೆ ಆಧಾರ ಕೇಳಬೇಡಿ. ಸಾವಿರ ಕದಿರು ಒಂದೇ ಸಮ ತಿರುಗುವ ಖಾತೆಯಲ್ಲಿ ನಿಂತು ಬಂದವನ ಬ್ಯಾಂಜೊ ಹಾಗೇ ಕೇಳುತ್ತದೆ ನನಗೆ.

1948ರ ಶುರುವಿನಲ್ಲಿ ಅರ್ಲ್‌ಗೆ ಸಾಕಾಯಿತು. ಊರಲ್ಲಿ ತಾಯಿ ಒಬ್ಬಳೇ. ಬಿಟ್ಟು ಹೊರಟ. ಹಿಂದೆಯೇ ಫ್ಲಾಟ್ ಬಿಟ್ಟ. ಚಬ್ಬಿಯೂ ವಾಟ್ಸ್‌ನೂ ಹೋದರು. ಅರ್ಲ್, ಫ್ಲಾಟ್ ಸೇರಿ ತಮ್ಮದೇ ಬ್ಯಾಂಡು ಕಟ್ಟಿದರು, ವಾಟ್ಸ್ ಅಲ್ಲಿಗೂ ಬಂದ. ಬಿಲ್‌ಗೆ ಬಂದ ಸಿಟ್ಟು ಇಪ್ಪತ್ತು ವರ್ಷ ದಾಟಿತು. ಫ್ಲಾಟ್ ಜೊತೆ ಮತ್ತೆ ಮಾತು, ವೇದಿಕೆ ಅಂತ ಆದದ್ದು 1971ರಲ್ಲಿ. ಅಷ್ಟರಲ್ಲಿ ಎಷ್ಟೋ ಬ್ಯಾಂಡುಗಳು ಇದೇ ಅಚ್ಚಿನಲ್ಲಿ ಬಂದಿದ್ದವು. ವರ್ಜೀನಿಯಾದ ಸ್ಟ್ಯಾನ್ಲಿ ಸೋದರರಂತೂ ಬಿಲ್‌ನ ಒಂದು ಹಾಡನ್ನು ಅವನ ರೆಕಾರ್ಡ್ ಮಾರುಕಟ್ಟೆಗೆ ಬರುವ ಮೊದಲೇ ತಾವು ರೆಕಾರ್ಡ್ ಮಾಡಿ ಮಾರಿದರು. ಬಿಲ್ ಕೆರಳಿದ. ಆದರೆ ಬೇರೆಯವರು ನುಡಿಸಿದಾಗಲೇ ತಾನೇ ಒಂದು ಬ್ಯಾಂಡಿನ ಹೆಸರು ಒಂದು ಸಂಗೀತದ ಹೆಸರಾಗುವುದು? ಐವತ್ತರ ದಶಕ ಮುಗಿಯುವ ಹೊತ್ತಿಗೆ ಎಲ್ಲರೂ ಅದನ್ನು ಬ್ಲೂಗ್ರಾಸ್ ಅನ್ನುತ್ತಿದ್ದರು.

ನನ್ನ ಮಾತು ಇಷ್ಟೇ. ಆಮೇಲೆ ಪ್ರಶ್ನೆ ಬಂದವು. ಗಣೇಶನ ಮೆರವಣಿಗೆಯಲ್ಲಿ ಗುಂಡಿ ಒತ್ತಿ ನುಡಿಸುತ್ತಾರಲ್ಲ, ಆ ಬ್ಯಾಂಜೊ ಇದೇನಾ ಅಂತ ಒಬ್ಬರು ಕೇಳಿದರು. ಅಲ್ಲ. ಅದು ಬುಲ್‌ಬುಲ್ ತರಂಗ್, ಮೂಲ ಜಪಾನಿನದು, ಹೆಸರು ಮಾತ್ರ ನಮ್ಮವರು ಹಾಗೆ ಕರೆದದ್ದು. ಐದು ತಂತಿಯ ಬ್ಯಾಂಜೊ ನಮ್ಮ ಸಂಗೀತದ ಜೊತೆ ಕೂತದ್ದುಂಟಾ ಅಂದರು. ಉಂಟು. ಬೇಲಾ ಫ್ಲೆಕ್ ಅನ್ನುವ ಬ್ಯಾಂಜೊ ಕಲಾವಿದ ಜಾಕಿರ್ ಹುಸೇನರ ತಬಲಾ, ರಾಕೇಶ್ ಚೌರಾಸಿಯಾರ ಕೊಳಲಿನ ಜೊತೆ ನುಡಿಸಿದ ಆಲ್ಬಂ 2023ರಲ್ಲಿ ಬಂತು, ಮರುವರ್ಷ ಗ್ರ್ಯಾಮಿಯೂ ಬಂತು. ಆ ಎಂಟು ಮೀಟಿನ ಲೆಕ್ಕ ತಬಲಾದವರಿಗೆ ಕಷ್ಟವಾಗಿರಲಿಕ್ಕಿಲ್ಲ.

ಕೊನೆಗೆ ವೀಣೆಯ ಮೇಡಂ ಎದ್ದರು. ಇಷ್ಟು ಹೇಳಿದಿರಿ, ಆ ಶುಲ್ಟ್ಸ್ ನುಡಿಸಿದ್ದನ್ನು ಒಂದು ನಿಮಿಷ ಕೇಳಿಸಿ ಅಂದರು. ಕೇಳಿಸಲು ಏನೂ ಇಲ್ಲ ಅಂದೆ. ಅವನ ರೆಕಾರ್ಡಿಂಗ್ ಒಂದೂ ಇಲ್ಲ. 1931ರಲ್ಲಿ ತೀರಿಕೊಂಡ, ನಲವತ್ತೈದು ವಯಸ್ಸು. ಗಿಟಾರ್ ಹಿಡಿದಿರುವ ಒಂದು ಹಳೇ ಫೋಟೊ ಇದೆ. ಫೋನಿನಲ್ಲಿ ತೆಗೆದು ಕೊಟ್ಟೆ. ಅವರು ಕನ್ನಡಕ ಹಣೆಗೇರಿಸಿ, ಎರಡು ಬೆರಳಿನಲ್ಲಿ ಫೋಟೊ ದೊಡ್ಡದು ಮಾಡಿ, ತುಂಬ ಹೊತ್ತು ನೋಡಿದರು. ಮುಖ ನೋಡುತ್ತಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ ಪರದೆಯ ತುಂಬ ಬರೀ ಬಲಗೈ ಇತ್ತು.